ಅಪೋ ಚಾಳು ಹುಡುಕಿದ ಮಾನ್ಯರಿಗೆ

ವಿಕ್ರೋಳಿ ಪೂರ್ವ, ಮುಂಬಯಿ
ಜೂನ್ ಏಳು, ಭಾನುವಾರ

ಶ್ರೀಮಾನ್ ಸಂಗಪ್ಪನವರಿಗೆ,
ಕಿಟಕಿ ಸಂಖ್ಯೆ ನಾಲ್ಕು,
ಪರದೇಶಿ ಬಾಳಸಂಗಾತಿ ಪರಿಶೀಲನಾ ಕೋಶ,
ಬಾಂದ್ರಾ.

ಮಾನ್ಯರೇ, ಮಾನ್ಯರ ಕಿಟಕಿಯೇ, ಕಿಟಕಿಯ ಹಿಂದಿನ ಕಂಪ್ಯೂಟರೇ, ಕಂಪ್ಯೂಟರಿನ ಹಿಂದೆ ಯಾರ ಕಣ್ಣಿಗೂ ಬೀಳದೆ ಕೂತಿರುವ ರೂಲ್ಸೇ, ತಮಗೆಲ್ಲರಿಗೂ ವಾರಿಜಾ ರಮಾನಾಥ ಎಂಬವಳು ಮಾಡುವ ಸಾಲುಸಾಲು ನಮಸ್ಕಾರಗಳು. ಇತ್ತ ನಾವು ಕ್ಷೇಮವೋ ಅಲ್ಲವೋ ಎಂಬ ವಿಷಯ ತಮ್ಮ ಪರಿಶೀಲನೆಯಲ್ಲಿರುವುದರಿಂದ ಅದನ್ನು ನಾನಾಗಿ ಹೇಳುವ ಉದ್ಧಟತನ ಮಾಡುವುದಿಲ್ಲ. ತಮ್ಮ ಕ್ಷೇಮಕ್ಕಂತೂ ಕೊರತೆ ಇಲ್ಲ. ಒಂಬತ್ತು ಸಲ ಬಂದು ಕಣ್ಣಾರೆ ನೋಡಿದ್ದೇನೆ.

ಮೊದಲಿಗೆ ಹೇಳಿದ್ದೇನು, ಆದದ್ದೇನು ಎಂಬುದನ್ನು ಸುತ್ತುಬಳಸದೆ ಬರೆದುಬಿಡುತ್ತೇನೆ.

ಸೈನ್ಯದಲ್ಲಿರುವವನು ವಿದೇಶದ ಹುಡುಗಿಯನ್ನು ಮದುವೆಯಾಗಬೇಕಾದರೆ ಮೇಲಿನವರ ಅನುಮತಿ ಬೇಕು, ಅದೊಂದು ಸಿಕ್ಕಿದರೆ ಮುಂದಿನದೆಲ್ಲ ಸಲೀಸು ಎಂದಿರಿ. ಹದಿನಾಲ್ಕು ತಿಂಗಳು ಕಾದು ಅನುಮತಿ ತಂದೆವು. ಸಲೀಸಾಗಲಿಲ್ಲ.

ಮದುವೆ ನೋಂದಣಿಯ ಕಾಗದ ತಂದರೆ ಒಂದು ವರ್ಷದ ವೀಸಾ ಎಂದಿರಿ. ತಂದೆವು. ಮೂರು ತಿಂಗಳಿನದು ಕೊಟ್ಟಿರಿ.

ಆ ಮೂರು ತಿಂಗಳೊಳಗೆ ಪೊಲೀಸರು ಬಂದು ವಿಳಾಸ ನೋಡಿ ಹೋದರೆ ಉಳಿದ ಒಂಬತ್ತು ತಿಂಗಳು ಎಂದಿರಿ. ಪೊಲೀಸರು ಬಂದರು, ಕೂತರು, ಚಹಾ ಕುಡಿದರು, ಹೋದರು. ಒಂಬತ್ತು ತಿಂಗಳು ಬರಲಿಲ್ಲ.

ಯೋಧರ ಕುಟುಂಬಕ್ಕೆ ಪ್ರತ್ಯೇಕ ಸಾಲು ಎಂದು ಗೋಡೆಯ ಮೇಲೆ ಬರೆಸಿದ್ದೀರಿ. ಸಾಲು ಇದೆ. ಅದರ ತುದಿಯಲ್ಲಿ ಕಿಟಕಿ ಇಲ್ಲ, ನೀರಿನ ಡ್ರಮ್ಮಿದೆ.

ನನ್ನ ಸೊಸೆ ಈ ದೇಶದಲ್ಲಿ ಇರಬಹುದು ಎಂದಿರಿ. ಈಗ ಜೂನ್ ಹದಿನೈದರ ಸೋಮವಾರದೊಳಗೆ ದೇಶ ಬಿಡತಕ್ಕದ್ದು ಎಂದು ಆದೇಶ ಕಳಿಸಿದ್ದೀರಿ. ಕಾರಣ, ಅವಳ ಗಂಡ ಇಲ್ಲ.

ಸತ್ತಿದ್ದಾನೆ ಎಂದಲ್ಲ, ಬಿಟ್ಟುಹೋಗಿದ್ದಾನೆ ಎಂದೂ ಅಲ್ಲ, ಇಲ್ಲ. ನಾನು ಹೆತ್ತ, ಮೂವತ್ತೊಂದು ವರ್ಷದ, ಐದಡಿ ಹತ್ತಂಗುಲದ, ಭಾರತೀಯ ಸೇನೆಯ ಹವಾಲ್ದಾರ ಹಿತೇಶ್ ಎಂಬವನು ಹುಟ್ಟೇ ಇಲ್ಲದವನ ಹಾಗೆ ಇಲ್ಲ. ಇಷ್ಟು ದೊಡ್ಡ ಆಳನ್ನು ಇಷ್ಟು ಸಣ್ಣ ಕಾಗದದಲ್ಲಿ ಇಲ್ಲವಾಗಿಸಿದ ತಮ್ಮ ಕೈಚಳಕಕ್ಕೆ ಶತ್ರುದೇಶದವರೂ ತಲೆಬಾಗಬೇಕು. ಅವರು ಎಷ್ಟೋ ಗುಂಡು ಖರ್ಚು ಮಾಡಿಯೂ ಆಗದ ಕೆಲಸವನ್ನು ತಾವು ಒಂದೇ ಮೊಹರಿನಲ್ಲಿ ಮುಗಿಸಿದ್ದೀರಿ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದು ತಮ್ಮದೇ ಅಪ್ಪಣೆಯಿಂದ. ಮೊದಲ ದಿನ ನಾನೂ ಸೊಸೆಯೂ ಮಾತಾಡಿಕೊಳ್ಳುವುದು ಕಿವಿಗೆ ಬಿದ್ದು, "ಏನ್ ಅಕ್ಕಾರ, ನಮ್ಮ ಕಡೇರೇನು? ನಂದು ಬಿಜಾಪುರ ರೀ. ಅರ್ಜಿ ಏನಿದ್ರೂ ಕನ್ನಡದಾಗ ಬರದು ಕೊಡ್ರಿ, ಓದಿದ್ರ ಹೊಟ್ಟಿ ತುಂಬತೈತಿ" ಎಂದವರು ತಾವು. ಇದೋ ಬರೆದಿದ್ದೇನೆ. ಒಂದು ಪ್ರತಿಯನ್ನು ನಮ್ಮ ಚಾಳಿನ ಗೇಟಿಗೂ ಅಂಟಿಸುತ್ತಿದ್ದೇನೆ, ಉಳಿದವರ ಹೊಟ್ಟೆಯೂ ತುಂಬಲಿ.

ಈ ಪತ್ರವನ್ನು ಗೇಟಿನಲ್ಲಿ ನಿಂತು ಓದುವವರಿಗಾಗಿ ನನ್ನ ಸೊಸೆಯ ವಿಷಯ ನಾಲ್ಕು ಮಾತು. ಹೆಸರು ನೀಮಾ. ತಾಂಜಾನಿಯಾದ ಟಾಂಗಾ ಎಂಬ ಕಡಲ ಊರಿನವಳು. ನರ್ಸಿಂಗ್ ಕಲಿಯಲು ಮಂಗಳೂರಿಗೆ ಬಂದು, ಹಾಸ್ಟೆಲಿನ ಅಡಿಗೆಯ ಹೆಂಗಸರಿಂದ ಮೊದಲು ತುಳು, ಆಮೇಲೆ ಕನ್ನಡ ಕಲಿತಳು. ನಮ್ಮ ಹಿತೇಶ ರಜೆಯಲ್ಲಿ ನನ್ನ ಅಣ್ಣನ ಮಗಳು ಶ್ರೇಯಾಳ ಮದುವೆಗೆಂದು ಮಂಗಳೂರಿಗೆ ಹೋದವನು ಕಾಮಾಲೆಯಾಗಿ ಆಸ್ಪತ್ರೆ ಸೇರಿದಾಗ, "ಕುಲ್ಲುಲೆ ಮಾರಾಯ್ರೆ, ಮರ್ದ್ ಪರ್ಲೆ" ಎಂದು, ಅಂದರೆ ಕೂತು ಮದ್ದು ಕುಡಿಯಿರಿ ಎಂದು, ಗದರಿಸಿದವಳು ಅವಳು. ಗಡಿಯಲ್ಲಿ ಯಾರ ಗದರಿಕೆಗೂ ಬಗ್ಗದವನು ಅಲ್ಲಿ ಬಗ್ಗಿದ. ಮುಂದಿನದು ಸೈನ್ಯದ ಅನುಮತಿ, ರಿಜಿಸ್ಟರ್ ಮದುವೆ, ಮತ್ತು ವಿಕ್ರೋಳಿಯ ಭಾಗ್ಯೋದಯ ಚಾಳಿನ ಸಾಲುಮನೆಗಳಲ್ಲಿ ಹದಿನಾಲ್ಕನೇ ಖೋಲಿ. ಅಲ್ಲಿ ನಾನು, ನನ್ನ ಗಂಡ ರಮಾನಾಥರು, ನೀಮಾ, ಒಟ್ಟು ಮೂರು ಜನ. ನಾಲ್ಕನೆಯವನು ಡ್ಯೂಟಿಯಲ್ಲಿ.

ತಮ್ಮ ಕೋಶದ ಬಾಗಿಲಲ್ಲೇ ನನ್ನಿಂದ ಒಂದು ತಪ್ಪಾಯಿತು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. ಬೋರ್ಡಿನಲ್ಲಿ ದೊಡ್ಡದಾಗಿ 'ಪರದೇಶಿ' ಎಂದು ಬರೆದಿತ್ತು. ನಮ್ಮ ಕಡೆ ಪರದೇಶಿ ಎಂದರೆ ಹೇಳುವವರು ಕೇಳುವವರಿಲ್ಲದ ಗತಿಗೇಡಿ, ಬೀದಿ ಪಾಲಾದವರು. ನನಗೆ ನೆತ್ತಿ ಉರಿದು, ನನ್ನ ಸೊಸೆ ಪರದೇಶಿ ಅಲ್ಲ, ಅವಳಿಗೆ ಅತ್ತೆ ಇದ್ದಾಳೆ, ಮಾವ ಇದ್ದಾರೆ, ಇಪ್ಪತ್ತೆರಡು ಖೋಲಿಯ ನೆರೆಕರೆ ಇದೆ ಎಂದು ಕಿಟಕಿಯಲ್ಲಿ ಗಲಾಟೆ ಮಾಡಿದೆ. ತಾವು ನಕ್ಕು, "ಅಕ್ಕಾರ, ಅದು ಮರಾಠಿ ರೀ. ಪರದೇಶಿ ಅಂದ್ರ ಫಾರಿನ್ನು, ಅಷ್ಟ" ಎಂದಿರಿ. ನಾನು ನಾಚಿ ಸಾಲಿಗೆ ಮರಳಿದೆ. ನಾಲ್ಕು ತಿಂಗಳು ಓಡಾಡಿದ ಮೇಲೆ ಈಗ ತಿಳಿಯಿತು, ಬೋರ್ಡು ಬರೆಸಿದವರು ಮರಾಠಿಯವರೇ ಇರಬಹುದು, ಆದರೆ ಒಳಗೆ ಕೆಲಸ ನಡೆಯುವುದು ಕನ್ನಡದ ಅರ್ಥದಲ್ಲೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅರ್ಜಿಯಲ್ಲಿ 'ಗಂಡನ ಈಗಿನ ವಿಳಾಸ' ಎಂಬ ಕಾಲಂ ಇತ್ತು. ನೀಮಾಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದು ಅವಳ ದೊಡ್ಡ ರೋಗ. ವಿಕ್ರೋಳಿಯ ಮನೆಯ ವಿಳಾಸ ಬರೆದಿದ್ದರೆ ಮುಗಿಯುತ್ತಿತ್ತು, ಆದರೆ ಹಿತೇಶ ಈಗ ಇಲ್ಲಿಲ್ಲವಲ್ಲ, ಈಗಿನದನ್ನಲ್ಲವೇ ಕೇಳಿದ್ದು ಎಂದು, ಅವನಿಗೆ ಪತ್ರ ಹಾಕುವಾಗ ಬರೆಯುವುದನ್ನೇ ಬರೆದಳು: ಹವಾಲ್ದಾರ ಹಿತೇಶ್, ಕೇರ್ ಆಫ್ 56 ಎ.ಪಿ.ಒ. ಮಗನನ್ನೋ ಗಂಡನನ್ನೋ ಸೈನ್ಯಕ್ಕೆ ಕಳಿಸಿದ ಯಾವ ಮನೆಯವರಿಗೂ ಈ ವಿಳಾಸ ಬಾಯಿಪಾಠ. ಇದು ಸೈನ್ಯದ ಅಂಚೆಯ ಗುರುತು. ಯಾವ ಬೆಟ್ಟದಲ್ಲಿದ್ದಾನೆ, ಯಾವ ಮರಳಿನಲ್ಲಿದ್ದಾನೆ ಎಂದು ಹೆತ್ತವಳಿಗೂ ತಿಳಿಯಬಾರದು, ಆದರೆ ಕಾಗದ ಮಾತ್ರ ತಲುಪಬೇಕು. ಅದಕ್ಕೆಂದೇ ಈ ನಂಬರು.

ತಮ್ಮ ಕಂಪ್ಯೂಟರಿಗೆ ಇದು ಹಿಡಿಸಲಿಲ್ಲ. "ಅಕ್ಕಾರ, ಇದು ಯಾವ ಜಿಲ್ಲಾದಾಗ ಬರ್ತೈತ್ರಿ? ಮಷೀನು ಜಿಲ್ಲಾ ಕೇಳಾಕತ್ತೈತಿ" ಎಂದಿರಿ. ಅದಕ್ಕೆ ಜಿಲ್ಲೆ ಇಲ್ಲ ಮಾರಾಯ್ರೆ, ಅದು ಮಿಲಿಟರಿ ಪೋಸ್ಟು ಎಂದೆ. "ಜಿಲ್ಲಾ ಇಲ್ಲದ ಜಾಗಾ ಎಲ್ಲೈತ್ರಿ ಇಂಡಿಯಾದಾಗ?" ಎಂದು ತಾವು ಕೇಳಿದ ಪ್ರಶ್ನೆ ಎಂಥ ವೇದಾಂತಿಯನ್ನೂ ಬಾಯಿ ಮುಚ್ಚಿಸುವಂಥದ್ದು. ಆಮೇಲೆ ತಾವು ಸುತ್ತ ಒಮ್ಮೆ ನೋಡಿ, "ಇರ್ಲಿ, ನಮ್ಮೋರು ಅಂತ ಅಡ್ಜಸ್ಟ್ ಮಾಡೀನ್ರಿ" ಎಂದು ದಯೆಯಿಂದ ಏನನ್ನೋ ಒತ್ತಿದಿರಿ. ಆ ಅಡ್ಜಸ್ಟೇ ನಮ್ಮನ್ನು ಮುಳುಗಿಸಿತು. ಯಂತ್ರದ ಹೊಟ್ಟೆಯಿಂದ ಹೊರಬಂದ ವಿಳಾಸ ಹೀಗಿತ್ತು: ಮನೆ ಸಂಖ್ಯೆ 56, ಅಪೋ, ವಿಕ್ರೋಳಿ, ಮುಂಬಯಿ ಉಪನಗರ ಜಿಲ್ಲೆ. ಸೈನ್ಯದ ಗುಟ್ಟಿನ ಅಂಚೆ ನಮ್ಮ ಸ್ಟೇಷನ್ನಿನ ಪಕ್ಕದ ಚಾಳಾಗಿ ಹುಟ್ಟಿತು. ಹುಟ್ಟಿದ ಸುದ್ದಿ ನಮಗೆ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ಅಪೋ ಚಾಳನ್ನು ಹುಡುಕಿಕೊಂಡು ಸುಹಾಸ ಎಂಬ ಕಾನ್ಸ್‌ಟೇಬಲ್ ಬಂದರು. ಪಾಪದ ಮನುಷ್ಯ. ಅವರು ಎರಡು ದಿನ ಅಲೆದದ್ದಕ್ಕೆ ನಮ್ಮ ವಿಕ್ರೋಳಿಯವರೂ ಹೊಣೆ, ಏಕೆಂದರೆ ಮುಂಬಯಿಯಲ್ಲಿ ದಾರಿ ಕೇಳಿದವರಿಗೆ ಗೊತ್ತಿಲ್ಲ ಎಂದು ಹೇಳುವುದು ಮರ್ಯಾದೆಯಲ್ಲ. ಒಬ್ಬರು ಡೇರಿಯ ಬಾಜೂ ಎಂದರು, ಇನ್ನೊಬ್ಬರು ಗಣಪತಿ ಮಂಡಲದ ಹಿಂದೆ ಎಂದರು, ರಿಕ್ಷಾದವನೊಬ್ಬ ಅಪೋ ಚಾಳು ಬಿಲ್ಡರನ ಪಾಲಾಗಿ ಈಗ ಅಲ್ಲಿ ಟವರ್ ಏಳುತ್ತಿದೆ ಎಂದು ಮರುಕಪಟ್ಟನಂತೆ. ಎರಡನೇ ದಿನ ಮಧ್ಯಾಹ್ನ ಬೆವರಿಳಿಸಿಕೊಂಡು ನಮ್ಮ ಬಾಗಿಲಿಗೇ ಬಂದು, "ಮಾವಶೀ, ಅಪೋ ಚಾಳ ಕುಠೇ ಆಹೇ?" ಚಾಳು ಎಲ್ಲಿದೆ ಎಂದು ಕೇಳಿದರು. ಅಪೋ ಎಂದು ಒಂದೇ ಉಸಿರಿಗೆ ಹೇಳಿದರೆ ಅದು ನಮ್ಮ ಎ.ಪಿ.ಒ. ಎಂದು ನನಗೆ ಹೇಗೆ ಹೊಳೆಯಬೇಕು? ಯಾರನ್ನು ಹುಡುಕುತ್ತಿದ್ದೀರಿ ಎಂದೆ. ಹೆಸರು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೈಯಾಡಿಸಿ, "ಆಧೀ ಚಾಳ, ಮಗ್ ಮಾಣೂಸ್" ಎಂದರು. ಮೊದಲು ಕಟ್ಟಡ, ಆಮೇಲೆ ಮನುಷ್ಯ; ಅದು ತಮ್ಮ ಕೋಶದ ಕ್ರಮವಂತೆ.

ಚಹಾ ಕೊಟ್ಟವಳು ನೀಮಾ. ಅವರ ಮುಖ ಕೆಂಪಾದದ್ದು ನೋಡಿ ಬಿ.ಪಿ. ನೋಡಿದವಳೂ ಅವಳೇ. ಉಪ್ಪು ಕಡಿಮೆ ಮಾಡಿ, ಬಿಸಿಲಲ್ಲಿ ತಿರುಗಬೇಡಿ ಎಂದು ಹರಕು ಮರಾಠಿಯಲ್ಲಿ ಹೇಳಿದಳು. "ಹೀ ಕೋಣ?" ಇವಳು ಯಾರು ಎಂದರು ಸುಹಾಸರು. ಸೊಸೆ ಎಂದೆ. ಚಾಂಗಲೀ ಆಹೇ, ಒಳ್ಳೆಯವಳು ಎಂದು ಹರಸಿ, ಜೇಬಿನಿಂದ ಕಾಗದ ತೆಗೆದು, ಈ ಪರಿಸರದಲ್ಲಿ ಅಪೋ ಎಂಬ ಹೆಸರಿನ ಚಾಳು ಇರುವುದಿಲ್ಲ ಎಂದು ಪಂಚನಾಮೆ ಬರೆದರು. ಸಾಕ್ಷಿಯ ಸಹಿ ಬೇಕಿತ್ತು. ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನ ಯೂನಿಯನ್ನಿನಲ್ಲಿದ್ದವಳು ನಾನು, ಓದದೆ ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ. ಓದಿದೆ. ಬರೆದದ್ದು ಅಕ್ಷರಶಃ ಸತ್ಯವಾಗಿತ್ತು. ಸತ್ಯಕ್ಕೆ ಸಹಿ ಹಾಕಿದೆ.

ಏಪ್ರಿಲಿನಲ್ಲಿ ತಮ್ಮ ತಕರಾರು ಪತ್ರ ಬಂತು. 'ಗಂಡನೆಂದು ಹೇಳಲಾದ ವ್ಯಕ್ತಿಯು ವಾಸಿಸುತ್ತಾನೆಂದು ಹೇಳಲಾದ ಕಟ್ಟಡವು ಅಸ್ತಿತ್ವದಲ್ಲಿಲ್ಲವೆಂದು ಸ್ಥಳೀಯ ಹಿರಿಯ ನಿವಾಸಿ ಶ್ರೀಮತಿ ವಾರಿಜಾ ಎಂಬವರು ದೃಢಪಡಿಸಿರುವುದರಿಂದ, ಸದರಿ ಗಂಡನ ಇರುವಿಕೆಯು ಸಾಬೀತಾಗಿರುವುದಿಲ್ಲ.' ಲೋಕದಲ್ಲಿ ಮಗನನ್ನು ಮನೆಯಿಂದ ಹೊರಗೆ ಹಾಕಿದ ತಾಯಂದಿರಿದ್ದಾರೆ, ಆಸ್ತಿಯಿಂದ ಹೊರಗಿಟ್ಟವರಿದ್ದಾರೆ. ಅಸ್ತಿತ್ವದಿಂದಲೇ ಹೊರಗೆ ಹಾಕಿದ ಮೊದಲ ತಾಯಿ ನಾನೇ ಇರಬೇಕು. ನನ್ನ ಗಂಡ ರಮಾನಾಥರು ಕನ್ನಡಕ ಏರಿಸಿ ಎರಡು ಸಲ ಓದಿ, "ವಾರಿಜಾ, ಮಗನೇ ಇಲ್ಲ ಅಂತ ಬರೆದು ಕೊಟ್ಟಿದ್ದಿಯಲ್ಲ, ಇನ್ನು ನನ್ನ ಬಗ್ಗೆ ಯಾರಾದ್ರೂ ಕೇಳ್ಲಿಕ್ಕೆ ಬಂದ್ರೆ ಸ್ವಲ್ಪ ಯೋಚನೆ ಮಾಡಿ ಹೇಳು ಮಾರಾಯ್ತಿ" ಎಂದರು. ನೀಮಾ "ಅತ್ತೆ, ಎನ್ನ ಕಂಡನಿ ಇಜ್ಜೆರ್‌ಗೆ" ಎಂದು, ನನ್ನ ಗಂಡ ಇಲ್ಲವಂತೆ ಎಂದು, ಬಿದ್ದು ಬಿದ್ದು ನಕ್ಕಳು. ಆಮೇಲೆ ಅಡಿಗೆಮನೆಗೆ ಹೋದವಳು ಒಂದು ತೆಂಗಿನಕಾಯಿ ತುರಿಯಲು ಒಂದು ಗಂಟೆ ತೆಗೆದುಕೊಂಡಳು. ನಾನು ಒಳಗೆ ಹೋಗಿ ನೋಡಲಿಲ್ಲ.

ಮರುದಿನವೇ ತಮ್ಮಲ್ಲಿಗೆ ಓಡಿ ಬಂದು, ಜಿಲ್ಲೆ ಒತ್ತಿದವರು ತಾವೇ, ತಾವೇ ತಿದ್ದಿ ಎಂದೆವು. ಒಮ್ಮೆ ಸಲ್ಲಿಸಿದ ಅರ್ಜಿಯನ್ನು ಬ್ರಹ್ಮ ಬಂದರೂ ತಿದ್ದಲಾಗದು ಎಂದಿರಿ. ಹೊಸ ಅರ್ಜಿ ಹಾಕಬಹುದು, ಆದರೆ ಅದಕ್ಕೆ ಗಂಡ ಖುದ್ದಾಗಿ ಕಿಟಕಿಗೆ ಬಂದು ಸಹಿ ಹಾಕಬೇಕು ಎಂದಿರಿ. ಹಿತೇಶನಿಗೆ ರಜೆ ಸಿಕ್ಕಿರುವುದು ಜುಲೈ ಆರಕ್ಕೆ. ಅಂದರೆ ನಮಗೆ ಬೇಕಾಗಿದ್ದದ್ದು ಇಷ್ಟೇ: ಜುಲೈ ಆರರ ತನಕ ನೀಮಾ ಈ ಮನೆಯಲ್ಲಿ ಇರಬೇಕು. ಅದಕ್ಕೆ ಮೊದಲೇ ಅವಳು ದೇಶ ಬಿಟ್ಟರೆ ವಾಪಸು ಬರುವ ವೀಸಾಕ್ಕೆ ಗಂಡನ ಪರಿಶೀಲಿತ ವಿಳಾಸ ಬೇಕು, ಗಂಡನ ವಿಳಾಸ ಪರಿಶೀಲಿಸಲು ಹೆಂಡತಿ ಇಲ್ಲಿ ಹಾಜರಿರಬೇಕು. ಬೆಕ್ಕು ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ತಿರುಗುತ್ತದೆ ಎಂದು ನಾವು ನಗುತ್ತೇವೆ. ಆದರೆ ಬೆಕ್ಕು ಅದಕ್ಕೆ ಮೂರು ಪ್ರತಿ ಕೇಳುವುದಿಲ್ಲ.

ತಾವು ಕೈಕಟ್ಟಿ ಕೂತಿರಿ ಎಂದು ನಾನು ಹೇಳಿದರೆ ನನ್ನ ನಾಲಗೆಗೆ ಹುಳ ಬೀಳಲಿ. ತಾವು ತನಿಖೆ ಮುಂದುವರಿಸಿದಿರಿ. 'ಕೇರ್ ಆಫ್' ಎಂಬ ಪದ ತಮ್ಮ ಸೂಕ್ಷ್ಮದೃಷ್ಟಿಗೆ ಬಿತ್ತು. ಹಿತೇಶನನ್ನು ಯಾರೋ ಒಬ್ಬರು ತಮ್ಮ ಕೇರಿನಲ್ಲಿ ಇಟ್ಟುಕೊಂಡಿದ್ದಾರೆ, ಅವರ ಹೆಸರು ಅಪೋ, ಹೆಸರು ನೋಡಿದರೆ ಈ ಕಡೆಯವರಲ್ಲ ಎಂದು ತೀರ್ಮಾನಿಸಿ, ನೀಮಾ ಅರ್ಜಿಯಲ್ಲಿ ಬರೆದಿದ್ದ ವಿಳಾಸಕ್ಕೆ ಶ್ರೀ ಅಪೋ ಅವರ ಹೆಸರಿನಲ್ಲೇ ರಿಜಿಸ್ಟರ್ ನೋಟೀಸು ಕಳಿಸಿದಿರಿ. 'ತಾವು ಹಿತೇಶ್ ಎಂಬವರಿಗೆ ಆಶ್ರಯ ನೀಡಿರುವುದು ನಿಜವೇ? ನಿಜವಾದಲ್ಲಿ ತಮ್ಮ ರಾಷ್ಟ್ರೀಯತೆ ಯಾವುದು? ತಮ್ಮ ವೀಸಾ ಎಂದಿಗೆ ಮುಗಿಯುತ್ತದೆ?' ಈ ಪ್ರಶ್ನೆಗಳನ್ನು ಭಾರತೀಯ ಸೇನೆಯ ಅಂಚೆಗೆ ಕೇಳಿದ ಧೈರ್ಯ ಇದುವರೆಗೆ ಯಾವ ಗೂಢಚಾರನಿಗೂ ಬಂದಿರಲಾರದು.

ಆ ನೋಟೀಸು ತಲುಪಿತು ಮಾನ್ಯರೇ. ತಮ್ಮ ಪ್ರಕಾರ ಇಲ್ಲದ ವಿಳಾಸಕ್ಕೆ, ಇಲ್ಲದ ಅಪೋ ಅವರಿಗೆ, ತಾವೇ ಬರೆದ ಕಾಗದ ಆರನೇ ದಿನಕ್ಕೆ ಹಿತೇಶನ ಕೈ ಸೇರಿತು. ಅವನು ಅದಕ್ಕೆ ಎರಡೇ ವಾಕ್ಯದ ಉತ್ತರ ಬರೆದ: 'ಶ್ರೀ ಅಪೋ ಎಂಬವರು ಇಲ್ಲಿಲ್ಲ. ನಾನಿದ್ದೇನೆ.' ಆ ಉತ್ತರವನ್ನು ತಾವು ತಿರಸ್ಕರಿಸಿದ ಕಾರಣವನ್ನು ನಾನು ಕಣ್ಣಿಗೊತ್ತಿಕೊಂಡು ಓದಿದೆ: ಅಸ್ತಿತ್ವದಲ್ಲಿಲ್ಲದ ವಿಳಾಸದಿಂದ ಬಂದ ಪತ್ರವನ್ನು ಪರಿಗಣಿಸಲಾಗದು. ಫೋನಿನಲ್ಲಿ ಹಿತೇಶ ಹೇಳಿದ, "ಅಮ್ಮಾ, ಇಲ್ಲಿ ಸುಬೇದಾರ್ ಸಾಬ್ ನನ್ನನ್ನು ಅಪೋಜೀ ಅಂತ್ಲೇ ಕರೀಲಿಕ್ಕೆ ಶುರು ಮಾಡಿದ್ದಾರೆ. ಹಾಜರಿ ಕೂಗುವಾಗ ಅಪೋಜೀ ಹೈ ಕ್ಯಾ ಅಂತಾರೆ, ಎಲ್ಲ ನಗ್ತಾರೆ." ಅವನೂ ನಕ್ಕ. ಆಮೇಲೆ, "ಅಮ್ಮಾ, ಅವಳನ್ನು ಕಳಿಸಿಬಿಡುವುದಿಲ್ಲ ಅಲ್ವಾ?" ಎಂದು ಕೇಳಿದ. ಹನ್ನೆರಡು ವರ್ಷದ ಸರ್ವಿಸಿನಲ್ಲಿ ನನ್ನ ಮಗ ನನ್ನನ್ನು ಕೇಳಿಕೊಂಡದ್ದು ಇದೊಂದೇ.

ಆಮೇಲೆ ತಾವು ಫೋಟೋ ಕೇಳಿದಿರಿ. ದಂಪತಿ ಜೊತೆಯಲ್ಲಿರುವ, ಕಳೆದ ಏಳು ದಿನದೊಳಗೆ ತೆಗೆದ, ಮೂಲೆಯಲ್ಲಿ ಜಾಗದ ಅಕ್ಷಾಂಶ ರೇಖಾಂಶ ಅಚ್ಚಾಗಿರುವ ಫೋಟೋ. ನಿಜವಾದ ಗಂಡಹೆಂಡಿರಾದರೆ ಒಟ್ಟಿಗೆ ಇರಬೇಕಲ್ಲವೇ ಎಂಬುದು ತಮ್ಮ ತರ್ಕ. ನಿಜವಾದ ಸಿಪಾಯಿಯಾದರೆ ಹೆಂಡತಿಯ ಜೊತೆ ಇರುವಂತಿಲ್ಲವಲ್ಲ ಎಂಬುದು ತಮ್ಮದೇ ಸರ್ಕಾರದ ಇನ್ನೊಂದು ಇಲಾಖೆಯ ತರ್ಕ. ಅವನಿರುವ ಜಾಗದ ಅಕ್ಷಾಂಶ ಹೇಳಿದರೆ ಅವನಿಗೆ ಕೋರ್ಟ್ ಮಾರ್ಷಲ್, ಹೇಳದಿದ್ದರೆ ಅವಳಿಗೆ ಗಡೀಪಾರು. ಈ ಗಂಡಹೆಂಡಿರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು ಎಂದು ನನ್ನಂಥ ಮುದುಕಿ ಆರಿಸಬೇಕು. ಜನವರಿ ಇಪ್ಪತ್ತಾರಕ್ಕೆ ಧ್ವಜ ಹಾರಿಸಿ, ಮೈಕಿನಲ್ಲಿ ಕೂಗಿ, ನನ್ನ ಹೆಗಲಿಗೆ ವೀರಮಾತೆ ಎಂದು ಶಾಲು ಹೊದಿಸಿದವರಿದ್ದಾರೆ. ಶಾಲು ಹೊದಿಸುವಾಗ ಒಬ್ಬರೂ ಮಗನ ವಿಳಾಸ ಕೇಳಲಿಲ್ಲ. ಸತ್ತರೆ ಹೆಣವನ್ನು ಮನೆ ಬಾಗಿಲಿಗೆ ತಂದು ಕೊಡಲು ಈ ವ್ಯವಸ್ಥೆಗೆ ವಿಳಾಸ ಸಿಗುತ್ತದೆ, ಬದುಕಿರುವವನ ಹೆಂಡತಿಯನ್ನು ಅದೇ ಮನೆಯಲ್ಲಿ ಇರಗೊಡಲು ಸಿಗುವುದಿಲ್ಲ. ಇದನ್ನು ನಾನು ಸೌಜನ್ಯದಿಂದ ಹೇಳುತ್ತಿದ್ದೇನೆ. ಸೌಜನ್ಯವಿಲ್ಲದೆ ಹೇಳಲೂ ಬರುತ್ತದೆ.

ತಮ್ಮ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಆದ್ದರಿಂದ ಕೆಲವು ವಿನಮ್ರ ಸಲಹೆಗಳು. ದಯವಿಟ್ಟು ದೇಶದ ಗಡಿಯನ್ನು ವಿಕ್ರೋಳಿಗೆ ತರಿಸಿಕೊಡಬೇಕು. ಸ್ಟೇಷನ್ನಿಗೂ ಹೈವೇಗೂ ನಡುವೆ ಹಾಕಿದರೆ ಸಾಕು, ಹಿತೇಶ ಬೆಳಿಗ್ಗೆ ಗಡಿ ಕಾದು, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಿ ತಮ್ಮ ಕಿಟಕಿಗೆ ಸಹಿ ಹಾಕಲು ಬರುತ್ತಾನೆ. ಅದು ಆಗದಿದ್ದರೆ ತಮ್ಮ ಕಿಟಕಿಯನ್ನೇ ಗಡಿಗೆ ಕಳಿಸಬಹುದು. ಅದರಿಂದ ದೇಶಕ್ಕೆ ಬಹಳ ಉಪಕಾರ. ಶತ್ರುವಿನ ಟ್ಯಾಂಕು ಬಂದರೆ ತಾವು ತಲೆ ಎತ್ತದೆ ಟೋಕನ್ ತಗೊಂಡೀರೇನ್ರಿ ಎಂದು ಕೇಳುತ್ತೀರಿ, ಟ್ಯಾಂಕು ಹ್ಞಾಂ ಎಂದರೆ ಮೂಲ ದಾಖಲೆ ಎಲ್ಲಿ ಎನ್ನುತ್ತೀರಿ, ತರಲು ಹೋದ ಟ್ಯಾಂಕು ಈ ಜನ್ಮದಲ್ಲಿ ವಾಪಸು ಬರುವುದಿಲ್ಲ. ಇದೂ ಕಷ್ಟವಾದರೆ ಶತ್ರುದೇಶಕ್ಕೆ ಒಂದು ಪತ್ರ ಬರೆದು, ನಮ್ಮ ಹವಾಲ್ದಾರರು ಹೆಂಡತಿ ಇದ್ದಾಳೆ ಎಂದು ತೋರಿಸಲು ಬಾಂದ್ರಾಕ್ಕೆ ಹೋಗಿದ್ದಾರೆ, ಅಲ್ಲಿ ಊಟದ ವಿರಾಮ ನಡೆಯುತ್ತಿದೆ, ತಾವೂ ಸ್ವಲ್ಪ ವಿರಮಿಸಬೇಕು ಎಂದು ಕೋರಬಹುದು.

ಇಷ್ಟೆಲ್ಲ ನಡೆಯುತ್ತಿರುವಾಗಲೇ ಮೇ ಹದಿನಾರರ ಶನಿವಾರ ದೇಶ ಬಿಡುವ ಆದೇಶ ಬಂತು. ಮೂವತ್ತು ದಿನ. ಮರುದಿನ ಭಾನುವಾರ ನಮ್ಮ ಚಾಳಿನ ಸಭೆ ಸೇರಿತು. ಕೋರ್ಟಿಗೆ ಹೋಗೋಣ ಎಂದರು ಕೆಲವರು, ಮೋರ್ಚಾ ಹೋಗೋಣ ಎಂದೆ ನಾನು. ಆಗ ಒಂಬತ್ತನೇ ಖೋಲಿಯ ಯಕ್ಷಿತಾ, ಕಾಲೇಜು ಹುಡುಗಿ, ಕನ್ನಡ ಮಾತಾಡುವಾಗ ಎಡವಿ ಎಡವಿ ನಡೆಯುವವಳು, "ಆಂಟೀ, ಸಿಂಪಲ್ ಹೈ ನಾ. ಅವರಿಗೆ ಅಪೋ ಚಾಳ್ ಬೇಕು. ತೋ ಕೊಡುವಾ" ಎಂದಳು. ಇಡೀ ಸಭೆಯಿಂದ ಚಪ್ಪಾಳೆ ಬಿತ್ತು. ಠರಾವು ಪಾಸಾಯಿತು. ಅರುವತ್ತು ವರ್ಷದ ಭಾಗ್ಯೋದಯ ಚಾಳು ಆ ಮಧ್ಯಾಹ್ನವೇ ಅಪೋ ಚಾಳಾಯಿತು. ಗೇಟಿನ ಮೇಲೆ ಯಕ್ಷಿತಾಳೇ ಏಣಿ ಹತ್ತಿ ಮೂರು ಭಾಷೆಯಲ್ಲಿ ನೀಲಿ ಬಣ್ಣದಲ್ಲಿ ಬರೆದಳು. ನಮ್ಮ ಖೋಲಿಯ ಹದಿನಾಲ್ಕನ್ನು ಅಳಿಸಿ ಐವತ್ತಾರು ಹಾಕಿದೆವು. ಇಪ್ಪತ್ತೆರಡೇ ಖೋಲಿಯ ಚಾಳಿನಲ್ಲಿ ಈಗ ಹದಿಮೂರಾದ ಮೇಲೆ ಐವತ್ತಾರು, ಐವತ್ತಾರಾದ ಮೇಲೆ ಹದಿನೈದು. ಅಂಚೆಯವರು ಒಂದು ದಿನ ಗೊಣಗಿದರು, ಅಷ್ಟೇ.

ಸುಹಾಸರನ್ನು ನಾವೇ ಕರೆಸಿದೆವು. ಗೇಟಿನ ಕೆಳಗೆ ನಿಂತು, ಟೋಪಿ ತೆಗೆದು, ಬಹಳ ಹೊತ್ತು ಬೋರ್ಡು ನೋಡಿದರು. "ಮಾವಶೀ, ಹೇ ಮಾರ್ಚಮಧ್ಯೇ ನವ್ಹತಂ," ಇದು ಮಾರ್ಚಿನಲ್ಲಿ ಇರಲಿಲ್ಲ ಎಂದರು. ಈಗ ಇದೆಯಲ್ಲ ಎಂದೆ. ಇದೆ ಎಂದು ಒಪ್ಪಿದರು. ಚಾಳು ಸಿಕ್ಕಿದ್ದರಿಂದ ಕ್ರಮದ ಪ್ರಕಾರ ಮನುಷ್ಯನನ್ನು ಹುಡುಕಿದರು. ಗೋಡೆಯ ಮೇಲಿನ ಹಿತೇಶನ ಯೂನಿಫಾರ್ಮಿನ ಫೋಟೋ, ಅವನ ಶಾಲೆಯ ಸರ್ಟಿಫಿಕೇಟು, ಅವನ ಹೆಸರಿರುವ ರೇಷನ್ ಕಾರ್ಡು ನೋಡಿದರು, ಬಿ.ಪಿ. ನೋಡಿಸಿಕೊಂಡರು, ವಿಳಾಸ ದೊರೆತಿದೆ, ವ್ಯಕ್ತಿ ದೇಶಸೇವೆಯಲ್ಲಿದ್ದಾನೆ ಎಂದು ಬರೆದುಕೊಂಡು ಹೋದರು. ನಾವು ಪಾಯಸ ಮಾಡಿದೆವು.

ಪಾಯಸ ತಳಹಿಡಿಯಿತು. ಮೇ ಕೊನೆಗೆ ತಮ್ಮ ಕೋಶದಿಂದ ಬಂದ ಪತ್ರವನ್ನು ನಾವು ಫ್ರೇಮು ಹಾಕಿಸಿದ್ದೇವೆ. ಮಾರ್ಚಿನಲ್ಲಿ ಅಸ್ತಿತ್ವದಲ್ಲಿಲ್ಲದ ಕಟ್ಟಡ ಮೇ ತಿಂಗಳಲ್ಲಿ ಅಸ್ತಿತ್ವದಲ್ಲಿರುವುದರಿಂದ, ಸದರಿ ಅಪೋ ಚಾಳು ಈ ಮಧ್ಯಂತರದಲ್ಲಿ ಅನುಮತಿಯಿಲ್ಲದೆ ಕಟ್ಟಿದ ಅನಧಿಕೃತ ಕಟ್ಟಡವಾಗಿರುತ್ತದೆ. ಅನಧಿಕೃತ ಕಟ್ಟಡದ ವಿಳಾಸವು ವೀಸಾಕ್ಕೆ ಮಾನ್ಯವಲ್ಲ. ಕೆಡವುವ ಬಗ್ಗೆ ಸಂಬಂಧಪಟ್ಟವರಿಗೆ ಬರೆಯಲಾಗಿದೆ. ಎರಡು ತಿಂಗಳಲ್ಲಿ ಎರಡು ಮಾಳಿಗೆ, ಇಪ್ಪತ್ತೆರಡು ಖೋಲಿ, ಅರುವತ್ತು ವರ್ಷದ ಪಾಚಿ ಮತ್ತು ತೂತುಬಿದ್ದ ತಗಡನ್ನೂ ಸೇರಿಸಿ ಕಟ್ಟಿ ಮುಗಿಸಿದ ನಮ್ಮನ್ನು ಈ ಊರಿನ ಸೇತುವೆ ಕಟ್ಟುವವರು ಬಂದು ಕಾಲು ಮುಟ್ಟಿ ನಮಸ್ಕರಿಸಬೇಕು. ಅದಿರಲಿ. ಒಬ್ಬಳು ಹೆಂಗಸನ್ನು ಹೊರಗೆ ಕಳಿಸಲು ಹೊರಟ ತಾವು ಈಗ ಇಪ್ಪತ್ತೆರಡು ಸಂಸಾರವನ್ನು ಪರದೇಶಿ ಮಾಡಲು ಹೊರಟಿದ್ದೀರಿ, ಕನ್ನಡದ ಅರ್ಥದಲ್ಲಿ. ಇದರಿಂದ ನಮಗಾದ ಲಾಭ ಒಂದೇ. ಅಲ್ಲಿಯ ತನಕ ಇದು ವಾರಿಜಾಳ ಮನೆಯ ತಾಪತ್ರಯ ಎನ್ನುತ್ತಿದ್ದವರೂ ಈಗ ನಮ್ಮ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಮೂವತ್ತು ವರ್ಷ ಯೂನಿಯನ್ ಮಾಡಿ ನನ್ನಿಂದ ಆಗದ ಸಂಘಟನೆಯನ್ನು ತಾವು ಒಂದೇ ಪತ್ರದಲ್ಲಿ ಮಾಡಿಕೊಟ್ಟಿರಿ.

ದೇಶ ಬಿಡುವ ಆದೇಶದ ವಿರುದ್ಧ ತಮ್ಮದೇ ಕೋಶಕ್ಕೆ ಮೇಲ್ಮನವಿ ಕೊಟ್ಟಿದ್ದೆವು. ಮೊನ್ನೆ ಬುಧವಾರ, ಜೂನ್ ಮೂರಕ್ಕೆ ಅದರ ಉತ್ತರ ಬಂತು. ವಿಚಾರಣೆ ಇಟ್ಟಿದ್ದೀರಿ, ಉಪಕಾರವಾಯಿತು. ಜೂನ್ ಹದಿನೆಂಟರಂದು ಅರ್ಜಿದಾರಳು ಕಿಟಕಿ ಸಂಖ್ಯೆ ನಾಲ್ಕರಲ್ಲಿ ಖುದ್ದಾಗಿ ಹಾಜರಿರತಕ್ಕದ್ದು, ಗೈರುಹಾಜರಾದಲ್ಲಿ ಮನವಿ ವಜಾ. ನಾನು ಬೆರಳು ಮಡಚಿ ಎಣಿಸಿದೆ. ಹದಿನೈದಕ್ಕೆ ದೇಶ ಬಿಡಬೇಕು, ಹದಿನೆಂಟಕ್ಕೆ ಬಾಂದ್ರಾದಲ್ಲಿ ಹಾಜರಿರಬೇಕು. ಶುಕ್ರವಾರ ಬಂದು ಕೇಳಿದರೆ ತಾವು ತಲೆ ಕೆರೆದುಕೊಂಡು, "ಅಕ್ಕಾರ, ಅದು ಆ ಟೇಬಲ್ಲಿಂದು, ಇದು ಈ ಟೇಬಲ್ಲಿಂದು ರೀ. ಎರಡಕ್ಕೂ ಸಂಬಂಧ ಇಲ್ರೀ" ಎಂದಿರಿ. ನಾನು ನೋಡಿದೆ. ಎರಡು ಟೇಬಲ್ಲುಗಳ ನಡುವೆ ಒಂದು ಫ್ಯಾನು ಮಾತ್ರ ಇದೆ. ಅದು ಇಬ್ಬರಿಗೂ ಗಾಳಿ ಬೀಸುತ್ತದೆ, ಯಾರ ಸುದ್ದಿಯನ್ನೂ ಯಾರಿಗೂ ಮುಟ್ಟಿಸುವುದಿಲ್ಲ.

ವಾಪಸು ಬರುವಾಗ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ನೀಮಾ ಎರಡೂ ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತ ಬಂದಳು. ಕುರ್ಲಾ ದಾಟಿದ ಮೇಲೆ ತಲೆ ಎತ್ತಿ, "ಅತ್ತೆ, ಇದು ಮೇ ತಿಂಗಳಿನದ್ದು, ಇದು ಜೂನಿನದ್ದು. ಡಾಕ್ಟ್ರು ಹೊಸ ಚೀಟಿ ಬರೆದು ಕೊಟ್ರೆ ನಾವು ಹಳೇ ಚೀಟಿಯ ಮದ್ದು ನಿಲ್ಲಿಸ್ತೇವೆ ಅಲ್ವಾ? ಇಲ್ಲಿ ಖುದ್ದು ಹಾಜರಿರಬೇಕು ಅಂತ ಸರ್ಕಾರವೇ ಬರೆದಿದೆ. ನಾನು ಹೋಗಿಬಿಟ್ರೆ ಸರ್ಕಾರದ ಮಾತು ಮೀರಿದ ಹಾಗೆ ಆಗುದಿಲ್ವಾ?" ಎಂದಳು. ಪಕ್ಕದಲ್ಲಿ ಕೂತು ಮೆಂತೆಸೊಪ್ಪು ಬಿಡಿಸುತ್ತಿದ್ದ ಮರಾಠಿ ಹೆಂಗಸು ಭಾಷೆ ತಿಳಿಯದಿದ್ದರೂ ನೀಮಾಳ ಮುಖ ನೋಡಿ, "ಬರೋಬರ್ ಆಹೇ," ಸರಿಯಾಗಿದೆ ಎಂದಳು. ನಮಗೂ ಬರೋಬರ್ ಎನಿಸಿತು. ಇಂದು ಬೆಳಿಗ್ಗೆ ಸಭೆ ಸೇರಿ, ಎರಡು ಆದೇಶಗಳಲ್ಲಿ ಹೊಸದನ್ನೇ ಪಾಲಿಸತಕ್ಕದ್ದು ಎಂದು ಸರ್ವಾನುಮತದಿಂದ ತೀರ್ಮಾನಿಸಿದೆವು.

ಆದ್ದರಿಂದ ಮಾನ್ಯರೇ, ಕಾನೂನಿನ ಮೇಲೆ ನಮಗಿರುವ ಅಪಾರ ಗೌರವದ ಕಾರಣ ನನ್ನ ಸೊಸೆ ಹದಿನೈದಕ್ಕೆ ಎಲ್ಲಿಗೂ ಹೋಗುವುದಿಲ್ಲ. ಹದಿನೈದರಿಂದ ಹದಿನೆಂಟರ ನಡುವೆ ಅವಳನ್ನು ಕರೆದೊಯ್ಯಲು ಯಾರಾದರೂ ಬಂದರೆ, ಅರ್ಜಿದಾರಳು ತಮ್ಮ ವಿಚಾರಣೆಗೆ ಗೈರುಹಾಜರಾಗುವಂತೆ ಮಾಡಿ ತಮ್ಮ ಆದೇಶಕ್ಕೆ ಅಡ್ಡಿಪಡಿಸಿದವರು ಎಂದು ನಾವು ಅವರನ್ನು ಗೇಟಿನಲ್ಲೇ ತಡೆಯಬೇಕಾಗುತ್ತದೆ. ಇಪ್ಪತ್ತೆರಡು ಖೋಲಿಯವರು ಪಾಳಿ ಹಾಕಿಕೊಂಡಿದ್ದಾರೆ.

ವಿಶ್ವಾಸವನ್ನು ಮೂರು ಪ್ರತಿಗಳಲ್ಲಿ ದೃಢೀಕರಿಸಿ ಕೊಡಲಾಗದೆ ಬರಿಗೈಯಲ್ಲಿ ಕೊಡುತ್ತಿರುವ,
ತಮ್ಮ ವಿಶ್ವಾಸಿ,
ವಾರಿಜಾ ರಮಾನಾಥ
ಖೋಲಿ 56, ಅಪೋ ಚಾಳು

ಮರೆತ ಮಾತು: ವಿಚಾರಣೆಯ ದಿನ ನಾವು ಇಪ್ಪತ್ತೆರಡು ಖೋಲಿಯವರೂ ನೀಮಾಳ ಜೊತೆ ಬಂದಾಗ ಸಾಹೇಬರು ಸೀಟಿನಲ್ಲಿಲ್ಲ ಎಂಬ ಉತ್ತರ ಸಿಕ್ಕಿದರೆ, ತಮ್ಮದೇ ಕ್ರಮವನ್ನು ಅನುಸರಿಸಿ, ಸಂಗಪ್ಪ ಎಂಬ ಹೆಸರಿನ ಅಧಿಕಾರಿ ಈ ಪರಿಸರದಲ್ಲಿ ಇರುವುದಿಲ್ಲ ಎಂದು ಪಂಚನಾಮೆ ಬರೆಯುತ್ತೇವೆ. ಸಾಕ್ಷಿಗೆ ನಾನು ಸಹಿ ಹಾಕುತ್ತೇನೆ, ಅದರಲ್ಲಿ ನನಗೆ ಅನುಭವವಿದೆ. ಆಮೇಲೆ ಖಾಲಿ ಕುರ್ಚಿಯಲ್ಲಿ ನೀಮಾಳನ್ನೇ ಕೂರಿಸಿ ಅವಳ ಅರ್ಜಿಗೆ ಅವಳ ಕೈಯಿಂದಲೇ ಮೊಹರು ಹಾಕಿಸುತ್ತೇವೆ. ದಯವಿಟ್ಟು ಇರಿ. ಜೂನ್ ಹದಿನೆಂಟು, ಗುರುವಾರ, ಬೆಳಿಗ್ಗೆ ಹನ್ನೊಂದೂವರೆ.